ಮೂರು ವಯಸ್ಸು, ಒಂದು ಜಗುಲಿ: ಮನೆಶಾಲೆಗೆ ಪಠ್ಯ ಆರಿಸಿಕೊಳ್ಳುವ ಬಗೆ

ನಮ್ಮ ಅಟ್ಟದ ಮೇಲೆ, ಹಳೆಯ ಕಂಬಳಿಗಳ ಪಕ್ಕದಲ್ಲಿ, ಮೂರು ರಟ್ಟಿನ ಪೆಟ್ಟಿಗೆಗಳಿವೆ. 2022ರ ಮೇ ತಿಂಗಳಲ್ಲಿ ಅವು ಮನೆಗೆ ಬಂದ ದಿನ ನನ್ನ ಸಂಭ್ರಮ ಹೇಳತೀರದು. ಹನ್ನೊಂದು ವರ್ಷದ ಮಗಳಿಗೆ ಒಂದು, ಏಳು ವರ್ಷದ ಮಗನಿಗೆ ಒಂದು, ಆಗಷ್ಟೇ ಮೂರು ತುಂಬಿದ್ದ ಕಿರಿಯವನಿಗೂ ಒಂದು. ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಹೊರದೇಶದ ಮನೆಶಾಲೆಗಳಲ್ಲಿ ಬಳಸುವ ಪಠ್ಯಕ್ರಮವಂತೆ. ಯಾವ ದಿನ ಯಾವ ಪುಟ ಎಂಬುದನ್ನೂ ಅವರೇ ಬರೆದುಕೊಟ್ಟಿದ್ದರು. ಆ ವರ್ಷದ ಅಡಿಕೆ ದುಡ್ಡಿನಲ್ಲಿ ಮೂವತ್ತೆಂಟು ಸಾವಿರ ಅದಕ್ಕೇ ಹೋಯಿತು. "ಪುಸ್ತಕಕ್ಕೆ ಇಷ್ಟೊಂದು ದುಡ್ಡೇ?" ಎಂದು ಅತ್ತೆ ಕೇಳಿದಾಗ, ಅವರಿಗೇನು ತಿಳಿಯುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ದಸರೆಯ ಹೊತ್ತಿಗೆ ಪೆಟ್ಟಿಗೆಗಳು ಅಟ್ಟ ಸೇರಿದವು. ಅತ್ತೆ ಆ ಬಗ್ಗೆ ಇಂದಿಗೂ ಒಂದು ಮಾತು ಆಡಿಲ್ಲ. ಆಡಿದ್ದರೆ ಒಳ್ಳೆಯದಿತ್ತು.

ಋತುಗಳ ಪಾಠದಲ್ಲಿ ಹಿಮಕ್ಕೆ ನಾಲ್ಕು ಹಾಳೆ, ಮಳೆಗೆ ಅರ್ಧ ಹಾಳೆ ಇದ್ದದ್ದು ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಸಾಗರ ತಾಲ್ಲೂಕಿನಲ್ಲಿ ಕುಳಿತು ನನ್ನ ಮಗ ಹಿಮದ ಗೊಂಬೆಗೆ ಬಣ್ಣ ತುಂಬುತ್ತಿದ್ದ. ನಾಣ್ಯದ ಲೆಕ್ಕವೆಲ್ಲ ಡಾಲರು, ಸೆಂಟು. ಅದನ್ನೆಲ್ಲ ತಿದ್ದಿಕೊಳ್ಳಬಹುದಿತ್ತು. ದೊಡ್ಡ ತಪ್ಪು ಇದ್ದದ್ದು ನನ್ನ ವೇಳಾಪಟ್ಟಿಯಲ್ಲಿ. ದೊಡ್ಡವಳಿಗೆ ಆರು ವಿಷಯ, ನಡುವಿನವನಿಗೆ ಆರು, ಕಿರಿಯವನಿಗೆ ನಾಲ್ಕು. ದಿನಕ್ಕೆ ಹದಿನಾರು ಪಾಠ. ಒಂದಕ್ಕೆ ಇಪ್ಪತ್ತೈದು ನಿಮಿಷ ಎಂದುಕೊಂಡರೂ ಆರು ಗಂಟೆ ನಲವತ್ತು ನಿಮಿಷ, ನಡುವೆ ಒಂದು ಲೋಟ ನೀರನ್ನೂ ಕುಡಿಯದೆ. ಒಬ್ಬರಿಗೆ ಹೇಳಿಕೊಡುವಾಗ ಇಬ್ಬರು ಜಗಳವಾಡುತ್ತಿದ್ದರು. ಒಲೆಯ ಮೇಲೆ ಹಾಲು ಉಕ್ಕದ ದಿನವಿರಲಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಬೆಂಗಳೂರು ಬಿಟ್ಟು ಗಂಡನ ಊರಿನ ತೋಟದ ಮನೆಗೆ ಬಂದವರು ನಾವು. ಬಂದವರು ಇಲ್ಲೇ ಉಳಿದೆವು. ಈಗ ಮಕ್ಕಳಿಗೆ ಹದಿನಾಲ್ಕು, ಹತ್ತು, ಆರು. ಮನೆಶಾಲೆ ಎಂದರೆ ಊರಿನವರು ಮೊದಲು ಮನೆಪಾಠ ಎಂದುಕೊಂಡು, "ತಿಂಗಳಿಗೆ ಎಷ್ಟು ತೆಗೆದುಕೊಳ್ಳುತ್ತೀರಿ?" ಎಂದು ವಿಚಾರಿಸಿದ್ದರು. ಈಚೆಗೆ ಬೇರೆ ಬಗೆಯ ವಿಚಾರಣೆ ಬರುತ್ತಿದೆ: ನಮ್ಮ ಮನೆಯಲ್ಲಿಯೂ ಎರಡು ಮಕ್ಕಳು, ಬೇರೆ ಬೇರೆ ವಯಸ್ಸು, ಯಾವ ಸಿಲಬಸ್ ಕೊಳ್ಳಲಿ? ಫೋನಿನಲ್ಲಿ ತುಂಡು ತುಂಡಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಹೇಳುತ್ತಿದ್ದೇನೆ.

ಏಣಿ ಮತ್ತು ಅಂಗಳ

ಪುಸ್ತಕ ಕೊಳ್ಳುವ ಮೊದಲು ಒಂದು ಹಾಳೆಯ ಮೇಲೆ ಕಲಿಸಬೇಕಾದ ವಿಷಯಗಳನ್ನೆಲ್ಲ ಬರೆಯಿರಿ. ಆಮೇಲೆ ಎರಡು ರಾಶಿ ಮಾಡಿ. ಒಂದು ಮೆಟ್ಟಿಲು ಹತ್ತದೆ ಮುಂದಿನದಕ್ಕೆ ಕಾಲಿಡಲಾಗದ ವಿಷಯಗಳು ಒಂದು ಕಡೆ: ಓದುವುದು, ಬರೆಯುವುದು, ಲೆಕ್ಕ. ಗುಣಾಕಾರ ಬಾರದವನಿಗೆ ಭಾಗಾಕಾರ ಹೇಳಿಕೊಟ್ಟು ಪ್ರಯೋಜನವಿಲ್ಲ. ಇವು ಏಣಿಯ ವಿಷಯಗಳು; ಮೂರು ಮಕ್ಕಳಿಗೆ ಮೂರು ಏಣಿ ಬೇಕೇ ಬೇಕು. ಯಾವ ಕಡೆಯಿಂದ ಬೇಕಾದರೂ ಒಳಗೆ ಬರಬಹುದಾದ ವಿಷಯಗಳು ಇನ್ನೊಂದು ಕಡೆ: ವಿಜ್ಞಾನ, ಇತಿಹಾಸ, ಭೂಗೋಳ, ಪರಿಸರ, ಚಿತ್ರ, ಕೈಕೆಲಸ. ಕೆಳದಿಯ ನಾಯಕರ ಬಗ್ಗೆ ತಿಳಿಯಲು ಹೊಯ್ಸಳರನ್ನು ಮುಗಿಸಿಯೇ ಬರಬೇಕೆಂಬ ನಿಯಮವಿಲ್ಲ. ಇವು ಅಂಗಳದ ವಿಷಯಗಳು. ಮೂವರೂ ಒಟ್ಟಿಗೆ ಇಳಿಯಬಹುದು. ಹೀಗೆ ಮಾಡಿದಾಗ ನನ್ನ ಹದಿನಾರು ಪಾಠ ಏಳಕ್ಕೆ ಇಳಿಯಿತು.

ಏಣಿ ಎಂಬ ಮಾತು ನನ್ನದಲ್ಲ. ಪೆಟ್ಟಿಗೆಗಳು ಅಟ್ಟ ಸೇರಿದ ವಾರ, ನಮ್ಮೂರಿನ ನಿವೃತ್ತ ಶಿಕ್ಷಕರೊಬ್ಬರು ವೀಳ್ಯದೆಲೆಗೆಂದು ಬಂದವರು ನನ್ನ ಗೋಳು ಕೇಳಿ ನಕ್ಕರು. "ತಂಗೀ, ಒಂದೇ ಕೋಣೆಯಲ್ಲಿ ಮೂರು ತರಗತಿ ನಡೆಸುವುದು ನಿನಗೆ ಹೊಸದು. ನಾವು ಸಂಬಳ ತೆಗೆದುಕೊಂಡದ್ದೇ ಅದಕ್ಕೆ." ಅವರು ಹೇಳಿದ್ದು ನಲಿಕಲಿಯ ವಿಷಯ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳಲ್ಲಿ ಶುರುವಾದ ಕಲಿಕೆಯ ಪದ್ಧತಿ ಅದು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಬಂದು, ಕಲಿಕೆಯ ಕಾರ್ಡುಗಳನ್ನು ತಾವೇ ತಯಾರಿಸಿದರು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಒಂದು ಗುಂಪು, ಅರ್ಧ ಸಹಾಯ ಸಾಕಾದವರು ಒಂದು, ಜೊತೆಯವರಿಂದ ಕಲಿಯುವವರು ಒಂದು, ತಾವೇ ಕಲಿಯುವವರು ಒಂದು. ಮೂವತ್ತು ಮಕ್ಕಳನ್ನು ಹಾಗೆ ನಡೆಸುವುದು ಎಷ್ಟು ಕಷ್ಟವೆಂದು ಆ ಶಿಕ್ಷಕರೇ ಹೇಳಿದರು. ಮೂರು ಮಕ್ಕಳಿಗೆ ಅದು ಅಳತೆ ತೆಗೆದು ಹೊಲಿದ ಅಂಗಿಯಂತೆ ಕೂರುತ್ತದೆ.

ನಮ್ಮ ಬೆಳಗಿನ ಎಂಟೂವರೆಯಿಂದ ಹನ್ನೊಂದು ಏಣಿಯ ಹೊತ್ತು. ಮೊದಲ ಇಪ್ಪತ್ತು ನಿಮಿಷ ಕಿರಿಯವನು ನನ್ನ ಮಡಿಲ ಬಳಿ. ಆಗ ದೊಡ್ಡವಳು ತಾನೇ ಲೆಕ್ಕ ಮಾಡುತ್ತಾಳೆ, ನಡುವಿನವನು ನೆನ್ನೆಯದನ್ನು ತಿದ್ದಿ ಬರೆಯುತ್ತಾನೆ. ಆಮೇಲೆ ಕಿರಿಯವನು ಬಳಪ ಹಿಡಿದು ಜಗುಲಿಗೆ, ನಡುವಿನವನು ನನ್ನ ಬಳಿಗೆ. ಕೊನೆಗೆ ದೊಡ್ಡವಳು. ಅಷ್ಟು ಹೊತ್ತಿಗೆ ಕಿರಿಯವನು ಅಜ್ಜಿಯ ಹಿಂದೆ ಕೊಟ್ಟಿಗೆ ಸೇರಿರುತ್ತಾನೆ; ಅದಕ್ಕೆ ನನ್ನ ಅಡ್ಡಿಯಿಲ್ಲ.

ಯಾವ ಮೆಟ್ಟಿಲು?

ವಯಸ್ಸಿಗೆ ಸರಿಯಾದ ತರಗತಿಯ ಪುಸ್ತಕ ತರಬೇಡಿ. ಮೊದಲು ನೋಡಿ, ಆಮೇಲೆ ತನ್ನಿ. ಓದಿಗೆ ಸುಲಭದ ಉಪಾಯವಿದೆ: ಸುಮಾರು ನೂರು ಪದಗಳ ಒಂದು ಪುಟ ಕೊಟ್ಟು ಜೋರಾಗಿ ಓದಿಸಿ, ಎಡವಿದ ಪದಗಳನ್ನು ಬೆರಳು ಮಡಿಸಿ ಎಣಿಸಿ. ಐದು ಬೆರಳೂ ಮಡಿಸಿದರೆ ಆ ಪುಸ್ತಕ ಈಗ ಬೇಡ. ಒಂದೂ ಮಡಿಸದಿದ್ದರೆ ಅದು ಮಲಗುವ ಹೊತ್ತಿನ ಓದಿಗೆ ಸರಿ, ಪಾಠಕ್ಕೆ ಸಾಲದು. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕತೆಗಳು ಒಂದರಿಂದ ನಾಲ್ಕರವರೆಗೆ ಮಟ್ಟ ಗುರುತಿಸಿ ಉಚಿತವಾಗಿ ಸಿಗುತ್ತವೆ. ಈ ಪರೀಕ್ಷೆಗೆ ನಾನು ಅವನ್ನೇ ಮುದ್ರಿಸಿಕೊಳ್ಳುತ್ತೇನೆ.

ಲೆಕ್ಕಕ್ಕೆ ಎರಡು ತರಗತಿ ಹಿಂದಿನಿಂದ ಹೊರಡಿ. ಪ್ರತಿ ಅಧ್ಯಾಯದ ಕೊನೆಯ ನಾಲ್ಕು ಲೆಕ್ಕ ಮಾತ್ರ ಕೊಡಿ. ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಪಾಠ. ನಮ್ಮ ದೊಡ್ಡವಳು ವಯಸ್ಸಿನ ಪ್ರಕಾರ ಆರನೆಯ ತರಗತಿಯಲ್ಲಿರಬೇಕಾದಾಗ ಐದನೆಯ ತರಗತಿಯ ಭಿನ್ನರಾಶಿಯಲ್ಲಿ ಸಿಕ್ಕಿಕೊಂಡಳು. ಅರ್ಧಕ್ಕೆ ಮೂರನೆಯ ಒಂದು ಭಾಗ ಕೂಡಿಸು ಎಂದರೆ ಐದನೆಯ ಎರಡು ಭಾಗ ಎನ್ನುತ್ತಿದ್ದಳು. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆಯಾಗುವುದು ಹೇಗೆ ಎಂದು ಕೇಳಿದಾಗ ಅವಳಿಗೇ ನಗು ಬಂತು. ಆದರೆ ಐದನೆಯ ತರಗತಿಯ ಪುಸ್ತಕವನ್ನು ಮುಂದಿಟ್ಟಾಗ ನಗು ಮಾಯವಾಯಿತು, ತಮ್ಮನ ಎದುರಿಗೆ ಅವಮಾನ. ಅಂದೇ ಮೂವರ ಪುಸ್ತಕಗಳಿಗೂ ಒಂದೇ ಬಗೆಯ ಕಂದು ಕಾಗದದ ಹೊದಿಕೆ ಹಾಕಿದೆವು. ಹೊರಗೆ ಹೆಸರು ಮತ್ತು ವಿಷಯ ಮಾತ್ರ, ತರಗತಿಯ ಸಂಖ್ಯೆ ಇಲ್ಲ. ಒಂದಕ್ಕಿಂತ ಹೆಚ್ಚು ಮಕ್ಕಳಿರುವ ಮನೆಯವರು ಬೇರೇನು ಮಾಡದಿದ್ದರೂ ಈ ಹೊದಿಕೆಯನ್ನು ಹಾಕಿ.

ಭಿನ್ನರಾಶಿಯನ್ನು ಕೊನೆಗೆ ಸರಿಪಡಿಸಿದವರು ನಮ್ಮ ಮಾವ. ಅವರ ಕಾಲದ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು ಅವರಿಗೆ ಇನ್ನೂ ಬಾಯಿಗೆ ಬರುತ್ತವೆ. ಸಂಜೆ ಕತ್ತಲಾದ ಮೇಲೆ ಅಜ್ಜ ಮೊಮ್ಮಗಳು ಪೈಪೋಟಿಗೆ ಬಿದ್ದು ಮುಕ್ಕಾಲಿನ ಮಗ್ಗಿ ಹೇಳುತ್ತಿದ್ದರು. ಆ ಹಾಡುವಿಕೆಗೆ ಯಾವ ಪುಸ್ತಕವೂ ಸಾಟಿಯಿಲ್ಲ ಎಂದು ಹೇಳಲಾರೆ, ಪುಸ್ತಕವೂ ಬೇಕಾಯಿತು. ಆದರೆ ಹನ್ನೆರಡರ ಮುಕ್ಕಾಲು ಒಂಬತ್ತು ಎಂಬುದನ್ನು ಅವಳು ಈಗ ಯೋಚಿಸದೆ ಹೇಳುತ್ತಾಳೆ.

ಕಿರಿಯವನ ಏಣಿಯ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳಬೇಕು. ನಡುವಿನವನಿಗೆ ನಾನು ಕಲಿಸಿದ್ದು ನನಗೆ ಕಲಿಸಿದ ಹಾಗೆಯೇ: ಅ, ಆ, ಇ, ಈ. ಋ ಬರುವ ಹೊತ್ತಿಗೆ ಅವನಿಗೂ ನನಗೂ ಸಾಕಾಗಿತ್ತು, ಓದಲು ಒಂದು ಪದವೂ ಕೈಗೆ ಬಂದಿರಲಿಲ್ಲ. ವರ್ಣಮಾಲೆಯ 49 ಅಕ್ಷರಗಳನ್ನು ಸಾಲಾಗಿ ಮುಗಿಸಿಯೇ ಓದಿಗೆ ಇಳಿಯಬೇಕೆಂದು ಯಾರು ಹೇಳಿದರೋ! ನಲಿಕಲಿಯ ಕ್ರಮ ಬೇರೆ: ರ, ಗ, ಸ, ದ, ಅ. ಬರೆಯಲು ಸುಲಭದ ದುಂಡು ಅಕ್ಷರಗಳು ಮೊದಲು. ಈ ಐದೇ ಅಕ್ಷರಗಳಲ್ಲಿ ಸರ ಇದೆ, ದರ ಇದೆ, ಅರಸ, ಅಗಸ, ಗರಗಸ ಇದೆ. ಕಿರಿಯವನು ಎರಡನೆಯ ವಾರದಲ್ಲಿ ಗರಗಸ ಎಂದು ಚೀಟಿ ಬರೆದು, ಅಜ್ಜನ ಗರಗಸಕ್ಕೆ ಅನ್ನದ ಅಗುಳಿನಿಂದ ಅಂಟಿಸಿ ಬಂದ. ಆ ಚೀಟಿ ಒಂದು ಮಳೆಗಾಲ ಕಳೆದರೂ ಉಳಿದಿತ್ತು. ಮುಂದಿನ ಗುಂಪು ಜ, ವ, ಮ, ಬ, ನ. ಬನ, ಮನ, ಜನ, ವನಜ ಎಂದು ಪದಗಳು ತಾವೇ ಬರುತ್ತವೆ.

ಯಾವ ಪುಸ್ತಕ?

ಇದಕ್ಕೆ ನನ್ನ ಉತ್ತರ ಕೇಳಿ ಕೆಲವರಿಗೆ ನಿರಾಸೆಯಾಗುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು. ಜಾಲತಾಣದಲ್ಲಿ ಉಚಿತ, ಕನ್ನಡದಲ್ಲಿವೆ, ನಾಳೆ ಮಗು ಶಾಲೆಗೆ ಹೋಗುತ್ತೇನೆಂದರೆ ಅಪರಿಚಿತ ಎನಿಸುವುದಿಲ್ಲ. ಎನ್‌ಸಿಇಆರ್‌ಟಿ ಪುಸ್ತಕಗಳೂ ಉಚಿತ. ಇಂಗ್ಲಿಷ್‌ನಲ್ಲಿ ಓದಬಲ್ಲ ಮಕ್ಕಳಿಗೆ ಅವೂ ಒಳ್ಳೆಯವು. ದುಡ್ಡು ಕೊಟ್ಟು ಕೊಳ್ಳಬೇಕಾದದ್ದು ಪಠ್ಯವಲ್ಲ, ಸಾಮಾನು: ಒಂದು ಭೂಗೋಳ, ಅಳತೆಯ ಜಾಡಿ, ಲಿಟ್ಮಸ್ ಕಾಗದ, ಉದ್ದದ ಟೇಪು, ಕನ್ನಡದ ಒಳ್ಳೆಯ ನಿಘಂಟು. ನನ್ನ ಮೂವತ್ತೆಂಟು ಸಾವಿರದಲ್ಲಿ ಇವೆಲ್ಲ ಬಂದು, ಗಟ್ಟಿಮುಟ್ಟಾದ ಪುಸ್ತಕದ ಕಪಾಟೂ ಬರುತ್ತಿತ್ತು.

ಆದರೆ ಪಠ್ಯಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಮಾಡಿಸಬೇಡಿ. ಜೂನ್ ಮೊದಲು ನಾನು ಮೂರೂ ತರಗತಿಗಳ ಪರಿವಿಡಿಯನ್ನು ಅಕ್ಕಪಕ್ಕ ಇಟ್ಟುಕೊಂಡು ಕೂರುತ್ತೇನೆ. ಚಿಕ್ಕವನ ಪುಸ್ತಕದಲ್ಲಿ ನೀರು, ನಡುವಿನವನದರಲ್ಲಿ ನೀರಿನ ಮೂಲಗಳು, ದೊಡ್ಡವಳದರಲ್ಲಿ ಅಂತರ್ಜಲ. ಹೆಸರು ಬೇರೆ, ನೀರು ಒಂದೇ. ಹೀಗೆ ಜೋಡಿ ಬಿದ್ದವುಗಳನ್ನೆಲ್ಲ ಹಳದಿ ಬಣ್ಣದಲ್ಲಿ ಗುರುತಿಸಿ ಅಂಗಳಕ್ಕೆ ಹಾಕುತ್ತೇನೆ. ಮನೆಯಲ್ಲಿ ದಿನವೂ ನಡೆಯುವ ವಿಷಯಗಳಿಗೆ ಹಸಿರು. ಅವುಗಳಿಗೆ ಪಾಠ ಬೇಡ, ಕೊನೆಯ ಪ್ರಶ್ನೆಗಳನ್ನು ಬಾಯಲ್ಲಿ ಕೇಳಿದರೆ ಸಾಕು. ಹಸು ಸಾಕುಪ್ರಾಣಿ ಎಂಬುದನ್ನು ಬೆಳಿಗ್ಗೆ ಹಾಲು ಕರೆಯುವಾಗ ಕರುವನ್ನು ಹಿಡಿದುಕೊಳ್ಳುವ ಮಗುವಿಗೆ ಎರಡು ದಿನ ಕಲಿಸುವುದು ಅವನಿಗೂ ಹಸುವಿಗೂ ಅವಮಾನ.

ಮೈಲುತುತ್ತದ ದಿನ

ಒಂದೇ ವಿಷಯವನ್ನು ಮೂರು ವಯಸ್ಸಿಗೆ ಹೊಂದಿಸುವುದು ಹೇಗೆಂದು ತೋರಿಸಲು ನಮ್ಮ ಜಗುಲಿಯ ಒಂದು ಪಾಠವನ್ನು ಪೂರ್ತಿ ಹೇಳುತ್ತೇನೆ.

ಅಡಿಕೆ ತೋಟದವರಿಗೆ ಮಳೆ ಹಿಡಿಯುವ ಮೊದಲು ಇರುವ ದೊಡ್ಡ ಕೆಲಸ ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಔಷಧಿ ಹೊಡೆಸುವುದು. ಅದಕ್ಕೆ ಬೋರ್ಡೊ ದ್ರಾವಣ ಮಾಡಬೇಕು. ನೂರು ಲೀಟರಿಗೆ ಲೆಕ್ಕ ಹೀಗೆ: ಒಂದು ಕಿಲೋ ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು, ಐವತ್ತು ಲೀಟರು ನೀರಿನಲ್ಲಿ ಕರಗಿಸಬೇಕು, ಒಂದು ಕಿಲೋ ಸುಣ್ಣವನ್ನು ಇನ್ನೈವತ್ತು ಲೀಟರಿನಲ್ಲಿ, ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಆಕಾಶದ ಬಣ್ಣ ಬರುತ್ತದೆ. ಕಲಕುವುದು, ಸುರಿಯುವುದು ದೊಡ್ಡವರ ಕೆಲಸ. ಮಕ್ಕಳು ದೂರ ನಿಂತು ನೋಡುವವರು. ಔಷಧಿ ಹೊಡೆಯುವಾಗ ತೋಟಕ್ಕೆ ಇಳಿಯುವಂತೆಯೇ ಇಲ್ಲ. ದೊಡ್ಡವಳಿಗೆ ಮಾತ್ರ ಕೈಗವಸು ಹಾಕಿ ಒಂದು ಕೆಲಸ ಕೊಡುತ್ತೇವೆ, ಅದನ್ನು ಮುಂದೆ ಹೇಳುತ್ತೇನೆ.

ಕಿರಿಯವನ ಪಾಲಿಗೆ ಎಣಿಕೆ. ಡ್ರಮ್ಮಿಗೆ ಸುರಿದ ಪ್ರತಿ ಕೊಡಕ್ಕೂ ಕಂಬದ ಮೇಲೆ ಬಳಪದಿಂದ ಒಂದು ಗೀಟು. ನಾಲ್ಕು ಗೀಟಿನ ಮೇಲೆ ಅಡ್ಡ ಒಂದು. ಕೊನೆಗೆ ಐದರ ಕಟ್ಟುಗಳನ್ನು ಎಣಿಸಿ ಹೇಳಬೇಕು. ಅವನ ಪುಸ್ತಕದಲ್ಲಿ ಆ ದಿನ ಒಂದು ಚಿತ್ರ, ಅದರ ಕೆಳಗೆ ಮೂರು ಪದ: ನೀಲಿ, ಬಿಳಿ, ಸುಣ್ಣ. ಒತ್ತಕ್ಷರ ಅವನಿಗೆ ಇನ್ನೂ ಪಾಠವಾಗಿರಲಿಲ್ಲ. ಸುಣ್ಣ ಬರೆಯಲೇಬೇಕೆಂದು ಹಟ ಹಿಡಿದು ಅಕ್ಕನ ಹತ್ತಿರ ಹೇಳಿಸಿಕೊಂಡ.

ನಡುವಿನವನಿಗೆ ಅನುಪಾತ. ನೂರು ಲೀಟರಿಗೆ ಒಂದು ಕಿಲೋ ಆದರೆ ನಮ್ಮ ಇನ್ನೂರು ಲೀಟರಿನ ಡ್ರಮ್ಮಿಗೆ ಎಷ್ಟು? ಅದು ಸುಲಭ. ಇಪ್ಪತ್ತೈದು ಕಿಲೋ ಮೈಲುತುತ್ತದ ಚೀಲದಿಂದ ಎಷ್ಟು ಡ್ರಮ್ಮು? ಹನ್ನೆರಡೂವರೆ ಎಂದು ಬರೆದ. ಆಮೇಲೆ ತಾನೇ ಹೊಡೆದುಹಾಕಿ, ಹನ್ನೆರಡು ಡ್ರಮ್ಮು, ಒಂದು ಕಿಲೋ ಉಳಿಯುತ್ತದೆ ಎಂದು ಬರೆದ. ಯಾಕೆ ಬದಲಾಯಿಸಿದೆ ಎಂದೆ. "ಅರ್ಧ ಡ್ರಮ್ಮಿಗೆ ಕೊನೆಗಾರ ಮರ ಹತ್ತುತ್ತಾನೆಯೇ, ಅಮ್ಮ?" ಶೇಷ ಯಾವಾಗ ಉಳಿಸಬೇಕು, ದಶಮಾಂಶ ಯಾವಾಗ ಮಾಡಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಿಕೊಡಲಾರೆ. ಅಲ್ಲಿಂದ ಎಕರೆಗೆ ಹೊರಟೆವು. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, ಅಂದರೆ 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ ಹಿಡಿಯುತ್ತದೆ ಎಂಬುದನ್ನು ಅವನೇ ಭಾಗಿಸಿ ನೋಡಿದ. ನಮ್ಮ ತೋಟದಲ್ಲಿ ಅಷ್ಟಿಲ್ಲವಲ್ಲ ಎಂದು ಅಜ್ಜನ ಮೇಲೆ ದೂರು ಹೇಳಿದ್ದು ಬೇರೆ.

ದೊಡ್ಡವಳ ಕೆಲಸ ಕತ್ತಿಯದು. ದ್ರಾವಣ ಸಿದ್ಧವಾದ ಮೇಲೆ ತಿಕ್ಕಿ ಹೊಳೆಯುವಂತೆ ಮಾಡಿದ ಕಬ್ಬಿಣದ ಕತ್ತಿಯ ತುದಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ತುದಿಗೆ ಕಂದುಗೆಂಪು ಲೇಪ ಬಂದಿದ್ದರೆ ಸುಣ್ಣ ಸಾಲದು ಎಂದರ್ಥ. ಇನ್ನಷ್ಟು ಸುಣ್ಣದ ನೀರು ಹಾಕಬೇಕು. ಮಾವ ಇದನ್ನು ನಲವತ್ತು ವರ್ಷದಿಂದ ಮಾಡುತ್ತ ಬಂದಿದ್ದಾರೆ. ಕಂದುಗೆಂಪು ಯಾಕೆ ಬರುತ್ತದೆ ಎಂದು ಮಗಳು ಕೇಳಿದಾಗ, "ತಾಮ್ರ ಬಂದು ಕೂರುತ್ತದೆ" ಎಂದರು. ಅಷ್ಟು ಸರಿ. ಯಾಕೆ ಬಂದು ಕೂರುತ್ತದೆ? ಆ ಸಂಜೆ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕ ತೆಗೆದೆವು. ಮೊದಲ ಅಧ್ಯಾಯದಲ್ಲೇ ಇದೆ: ತಾಮ್ರದ ಸಲ್ಫೇಟಿನಲ್ಲಿ ಇಳಿಬಿಟ್ಟ ಕಬ್ಬಿಣದ ಮೊಳೆ ಕಂದು ಬಣ್ಣಕ್ಕೆ ತಿರುಗುತ್ತದೆ, ದ್ರಾವಣದ ನೀಲಿ ಮಂಕಾಗುತ್ತದೆ. ತಾಮ್ರಕ್ಕಿಂತ ಚುರುಕಾದ ಕಬ್ಬಿಣ ಅದನ್ನು ಹೊರಗೆ ತಳ್ಳಿ ಅದರ ಜಾಗದಲ್ಲಿ ಕೂರುತ್ತದೆ. ಸ್ಥಾನಪಲ್ಲಟ ಕ್ರಿಯೆ. ಪುಸ್ತಕದ ಮೊಳೆ ನಮ್ಮ ಕತ್ತಿ. ಹಾಗಾದರೆ ಈ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಯಾಕೆ ಮಾಡುವುದಿಲ್ಲ ಎಂದು ಕೇಳಿದೆ. ಅವಳು ಪುಸ್ತಕ ನೋಡದೆ ಉತ್ತರ ಬರೆದಳು.

ಅವಳಿಗೆ ಅಷ್ಟಕ್ಕೇ ಸಮಾಧಾನವಿರಲಿಲ್ಲ. ಬೋರ್ಡೊ ಎಂದರೆ ಏನು? ಭೂಗೋಳದಲ್ಲಿ ಫ್ರಾನ್ಸಿನ ಪಶ್ಚಿಮ ಅಂಚಿನಲ್ಲಿ ಊರು ಸಿಕ್ಕಿತು. ಅಲ್ಲಿನ ದ್ರಾಕ್ಷಿತೋಟಗಳಲ್ಲಿ ಮಿಲಾರ್ದೆ ಎಂಬ ವಿಜ್ಞಾನಿ 1885ರಲ್ಲಿ ಇದರ ಗುಣವನ್ನು ಪ್ರಕಟಿಸಿದ; ದಾರಿಹೋಕರು ಹಣ್ಣು ಕದಿಯದಿರಲೆಂದು ಬಳ್ಳಿಗಳಿಗೆ ಬಳಿದಿದ್ದ ನೀಲಿ ಬಣ್ಣ ರೋಗವನ್ನೂ ತಡೆದದ್ದನ್ನು ಅವನು ಗಮನಿಸಿದ್ದ. ಅದನ್ನು ನಮ್ಮ ಅಡಿಕೆ ಮರಕ್ಕೆ ತಂದವರು ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್. ಕಳೆದ ಶತಮಾನದ ಆರಂಭದಲ್ಲಿ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿದ್ದರು. ಕೊಳೆರೋಗ ತರುವ ಫೈಟಾಫ್ತೊರ ಎಂಬ ಕುಲದ್ದೇ ಇನ್ನೊಂದು ಜೀವಿ 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಹೊಲಗಳನ್ನು ಕೊಳೆಯಿಸಿ ಮಹಾ ಬರಗಾಲ ತಂದಿತ್ತು. ಅವಳು ಬರೆದ ಒಂದೂವರೆ ಪುಟದ ತಲೆಬರಹ "ಒಂದೇ ಕುಲದ ಎರಡು ರೋಗಗಳು". ರಸಾಯನ, ಇತಿಹಾಸ, ಭೂಗೋಳ, ಕನ್ನಡ ಪ್ರಬಂಧ ಎಂದು ನಾನು ದಿನಚರಿಯಲ್ಲಿ ನಾಲ್ಕು ಕಡೆ ಗುರುತು ಹಾಕಿಕೊಂಡೆ. ಅಂದು ಸ್ವಲ್ಪ ಜಂಬವೂ ಬಂತು.

ನಿಮ್ಮ ಮನೆಯಲ್ಲಿ ಅಡಿಕೆ ಇಲ್ಲದಿರಬಹುದು. ವಿದ್ಯುತ್ ಬಿಲ್ಲು, ಇಡ್ಲಿ ಹಿಟ್ಟು, ಮೇಲಿನ ನೀರಿನ ಟ್ಯಾಂಕು ಇದ್ದೇ ಇರುತ್ತವೆ. ಮಳೆಯನ್ನು ಅಳೆಯಬಹುದು: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು ಎಂಬಷ್ಟು ತಿಳಿದಿದ್ದರೆ, ತಾರಸಿಯ ಮೇಲೆ ಎಷ್ಟು ಕೊಡ ಬಿತ್ತೆಂದು ಮಕ್ಕಳೇ ಲೆಕ್ಕ ಹಾಕುತ್ತಾರೆ. ವಿಷಯ ಯಾವುದೇ ಇರಲಿ, ಹಿಂದಿನ ರಾತ್ರಿ ನಾನು ಮೂರು ಪ್ರಶ್ನೆ ಬರೆದಿಟ್ಟುಕೊಳ್ಳುತ್ತೇನೆ. ಚಿಕ್ಕವನಿಗೆ ಏನು ಕಂಡೆ, ಎಷ್ಟು ಕಂಡೆ. ನಡುವಿನವನಿಗೆ ಹೇಗೆ ಆಯಿತು, ಎರಡು ಪಟ್ಟು ಆದರೆ ಏನಾಗುತ್ತದೆ. ದೊಡ್ಡವಳಿಗೆ ಯಾಕೆ ಆಯಿತು, ಬೇರೆಲ್ಲಿ ಹೀಗಾಗಿದೆ. ಮೂರನೆಯ ಪ್ರಶ್ನೆಯ ಉತ್ತರ ನನಗೇ ಗೊತ್ತಿರದಿದ್ದರೆ ಪಾಠ ಹೆಚ್ಚು ಚೆನ್ನಾಗಿ ನಡೆಯುತ್ತದೆ.

ಇಂಗ್ಲಿಷ್ ಅಂಗಳಕ್ಕೆ ಬರಲಿಲ್ಲ. ಅದಕ್ಕೆ ಮೂರು ಏಣಿಯೇ ಬೇಕಾಯಿತು. ಕಿರಿಯವನದು ಇನ್ನೂ ಕತೆ ಕೇಳುವ ಮೆಟ್ಟಿಲಿನಲ್ಲಿದೆ.

ಎಲ್ಲಿ ಕೈ ಸುಟ್ಟುಕೊಂಡೆ

ಅಂಗಳದ ಪದ್ಧತಿ ಒಗ್ಗಿದ ಮೇಲೆ ನನಗೆ ಕಂಡದ್ದೆಲ್ಲ ಪಾಠವಾಗತೊಡಗಿತು. ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆ ಹಬ್ಬಕ್ಕೆ ನಮ್ಮ ಅತ್ತೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಕೈ ನಡುಗದೆ ಎಳೆಯುವ ಆ ಗೆರೆಗಳನ್ನು ನೋಡುತ್ತ ಮೂವರೂ ಉಸಿರು ಬಿಗಿಹಿಡಿದು ಕುಳಿತಿದ್ದಾಗ ನಾನು ಹೋಗಿ, "ಇದರಲ್ಲಿ ಎಷ್ಟು ಸಮಾಂತರ ರೇಖೆಗಳಿವೆ?" ಎಂದು ಕೇಳಿಬಿಟ್ಟೆ. ಅತ್ತೆಯ ಕೈ ನಿಂತಿತು. "ಅಮ್ಮ, ಇದೊಂದನ್ನಾದರೂ ಬಿಟ್ಟುಬಿಡು" ಎಂದಳು ಮಗಳು. ಬಿಟ್ಟೆ. ಈಗ ಹಬ್ಬ, ಮದುವೆ, ನೆಂಟರ ಮನೆ ಇವುಗಳಿಗೆ ನನ್ನ ದಿನಚರಿಯಲ್ಲಿ ಏನನ್ನೂ ಬರೆಯುವುದಿಲ್ಲ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು, ತಿಳಿಯಲು ಒಂದು ವರ್ಷ ಹಿಡಿಯಿತು. ಮೂವರೂ ಒಟ್ಟಿಗೆ ಕುಳಿತಾಗ ದೊಡ್ಡವಳು ಯಾವಾಗಲೂ ನನ್ನ ಸಹಾಯಕಿಯಾಗಿಬಿಡುತ್ತಿದ್ದಳು: ತಮ್ಮನಿಗೆ ಒತ್ತಕ್ಷರ ಹೇಳಿಕೊಡು, ಇವನ ಲೆಕ್ಕ ನೋಡು. ಹೇಳಿಕೊಟ್ಟರೆ ತಾನೂ ಗಟ್ಟಿಯಾಗುತ್ತಾಳೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಒಂದು ದಿನ ಪುಸ್ತಕ ಮುಚ್ಚಿ, "ನನಗೆ ಯಾರು ಕಲಿಸುತ್ತಾರೆ?" ಎಂದಳು. ಜೋರಾಗಿ ಹೇಳಿರಲಿಲ್ಲ. ಅಂದಿನಿಂದ ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಎರಡು ಗಂಟೆ ಹೊತ್ತು ನಾನು ಅವಳಿಗೆ ಮಾತ್ರ. ತಮ್ಮಂದಿರು ತೋಟಕ್ಕೆ, ಇಲ್ಲವೇ ಅಜ್ಜನ ಜೊತೆಗೆ. ಮಕ್ಕಳ ವಯಸ್ಸಿನ ಅಂತರ ನಾಲ್ಕು ವರ್ಷಕ್ಕಿಂತ ಹೆಚ್ಚಿದ್ದರೆ ಇಂಥ ಹೊತ್ತನ್ನು ಮೊದಲೇ ಬೇರ್ಪಡಿಸಿ ಇಡಿ.

ವರ್ಷವನ್ನು ಕತ್ತರಿಸುವುದು

ಶಾಲೆಯ ಪಂಚಾಂಗವನ್ನು ನಾವು ಅನುಸರಿಸುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಹೊರಗೆ ಕಾಲಿಡಲಾಗದ ಮಳೆ. ಪುಸ್ತಕದ ಕೆಲಸದ ಬಹುಪಾಲು ಆಗಲೇ. ವಿದ್ಯುತ್ ವಾರಗಟ್ಟಲೆ ಕೈಕೊಡುತ್ತದೆ, ಆದ್ದರಿಂದ ಬೇಕಾದ ಹಾಳೆಗಳನ್ನೆಲ್ಲ ಮೇ ತಿಂಗಳಲ್ಲೇ ಸಾಗರದಲ್ಲಿ ಮುದ್ರಿಸಿ ತರುತ್ತೇನೆ. ಕೊಯ್ಲು ಶುರುವಾದರೆ ಮನೆ ಮನೆಯಾಗಿರುವುದಿಲ್ಲ: ಅಂಗಳದ ತುಂಬ ಅಡಿಕೆ, ರಾತ್ರಿ ಹನ್ನೊಂದರವರೆಗೆ ಸುಲಿಯುವವರು, ಬೇಯಿಸುವ ಹಂಡೆಯ ಹೊಗೆ. ಆ ಎರಡು ಮೂರು ತಿಂಗಳು ಬೆಳಿಗ್ಗೆ ಒಂದು ಗಂಟೆ ಏಣಿ ಮಾತ್ರ. ಬೇಸಿಗೆಯಲ್ಲಿ ಊರೂರು ಸುತ್ತುತ್ತೇವೆ. ಕೆಳದಿ, ಇಕ್ಕೇರಿ, ಆಮೇಲೆ ಹಿಂದೆ ಬಿದನೂರು ಎನಿಸಿಕೊಂಡಿದ್ದ, ಇಂದು ನಗರ ಎಂದು ಕರೆಯುವ ಊರು: ನಾಯಕರ ಮೂರು ರಾಜಧಾನಿಗಳನ್ನು ಒಂದೇ ಬೇಸಿಗೆಯಲ್ಲಿ ನೋಡಿದಾಗ, "ಇವರು ಯಾಕೆ ಪದೇ ಪದೇ ಮನೆ ಬದಲಾಯಿಸಿದರು?" ಎಂದು ನಡುವಿನವನು ಕೇಳಿದ. ಮುಂದಿನ ಮಳೆಗಾಲದ ಇತಿಹಾಸ ಅಲ್ಲಿಗೆ ಸಿದ್ಧವಾಯಿತು.

ಕಾಗದ ಪತ್ರ

ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣದ ಹಕ್ಕು ಕೊಡುವ 2009ರ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಮನೆಶಾಲೆಗೆಂದು ಪ್ರತ್ಯೇಕ ವ್ಯವಸ್ಥೆಯಿಲ್ಲ. ಇದನ್ನು ತಿಳಿದೇ ಇಳಿಯಬೇಕು. ಆದರೆ ಮಗು ನಡುವೆ ಶಾಲೆಗೆ ಸೇರಬೇಕೆಂದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂಬ ಕಲಮು ಅದೇ ಕಾಯ್ದೆಯಲ್ಲಿದೆ. ಶಾಲೆ ಬಿಡಿಸುವಾಗ ವರ್ಗಾವಣೆ ಪತ್ರವನ್ನು ಮರೆಯದೆ ತನ್ನಿ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಊರಿನ ಶಿಕ್ಷಕರು ಬಂದೇ ಬರುತ್ತಾರೆ. ಬಂದಾಗ ಮುಖ ಗಂಟಿಕ್ಕಬೇಡಿ. ನಾನು ಚಹಾ ಕೊಟ್ಟು, ಮೂವರ ಪುಸ್ತಕಗಳನ್ನು, ತಿಂಗಳವಾರು ದಿನಚರಿಯನ್ನು ಮುಂದಿಟ್ಟೆ. ಅವರು ಮೈಲುತುತ್ತದ ಪುಟವನ್ನು ಎರಡು ಸಲ ಓದಿದರು.

ಹತ್ತನೆಯ ತರಗತಿಗೆ ನಾವು ಹಿಡಿದಿರುವ ದಾರಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯದು, ಅಂದರೆ ಎನ್‌ಐಒಎಸ್. 1989ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆ. ಹದಿನಾಲ್ಕು ತುಂಬಿದವರು ಸೆಕೆಂಡರಿಗೆ ನೋಂದಾಯಿಸಬಹುದು. ಐದು ವಿಷಯ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು, ಎರಡಕ್ಕಿಂತ ಹೆಚ್ಚು ಭಾಷೆ ಇರಬಾರದು. ಕನ್ನಡ ಭಾಷಾ ವಿಷಯವಾಗಿ ಇದೆ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ. ಐದು ವರ್ಷಗಳಲ್ಲಿ ಒಂಬತ್ತು ಅವಕಾಶ, ಎಲ್ಲವನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದುವ ಆಸೆಯಿದ್ದರೆ ಗಣಿತ ಮತ್ತು ವಿಜ್ಞಾನ ಬಿಡಬೇಡಿ, ಮುಂದೆ ಸೇರಬೇಕೆಂದಿರುವ ಕಾಲೇಜಿನಲ್ಲಿ ಈಗಲೇ ಒಮ್ಮೆ ವಿಚಾರಿಸಿ ಬನ್ನಿ. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯುವ ದಾರಿಯೂ ಇದೆ. ಆರು ವಿಷಯಗಳನ್ನೂ ಬರೆಯಬೇಕು.

ವಿಷಯ ಆರಿಸುವ ಸಂಜೆ ನಾನು ಸಮಾಜ ವಿಜ್ಞಾನವನ್ನು ಬರೆದಿಟ್ಟಿದ್ದೆ. ಮಗಳು ಅದನ್ನು ಹೊಡೆದು ಚಿತ್ರಕಲೆ ಎಂದು ಬರೆದಳು. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಚಿತ್ರಕಲೆ. ಐರ್ಲೆಂಡಿನ ಬರಗಾಲ ಬರೆದವಳು ಇತಿಹಾಸ ಬಿಡುವುದೇ ಎಂದು ವಾದ ಮಾಡಿದೆ. "ಇತಿಹಾಸವನ್ನು ನಾನು ಹೇಗೂ ಓದುತ್ತೇನೆ, ಪರೀಕ್ಷೆ ಯಾಕೆ?" ಎಂದಳು. ಆಮೇಲೆ ಮೂರು ಹಾಳೆ ಅಂಟಿಸಿ ತನ್ನ ವರ್ಷದ ವೇಳಾಪಟ್ಟಿಯನ್ನು ತಾನೇ ಬರೆದು ಗೋಡೆಗೆ ಹಚ್ಚಿದಳು. ಕೊಯ್ಲಿನ ತಿಂಗಳುಗಳಿಗೆ ಕಂದು ಬಣ್ಣ, ಮಳೆಗಾಲಕ್ಕೆ ನೀಲಿ. ಚಿತ್ರಕಲೆಯ ಎದುರಿಗೆ ಅಜ್ಜಿ ಎಂದಿದೆ. ನನ್ನ ಹೆಸರು ವಾರಕ್ಕೆ ಎರಡು ಕಡೆ ಮಾತ್ರ ಇದೆ, ಮಂಗಳವಾರ ಮತ್ತು ಶುಕ್ರವಾರ.